ಮಾವನವರ ಮಾತಿನ ಮೇಲೆ ಮದುವೆ ಹಾಡು

ಸಿಡಿ ಎಂಬ ವಸ್ತುವನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಮನೆಯಲ್ಲಿ ಅಂಥವು ಎರಡಿವೆ. ಒಂದನ್ನು ಹಿತ್ತಲಿನ ಸೀಬೆಮರಕ್ಕೆ ಕಟ್ಟಿದ್ದೇನೆ, ಬಿಸಿಲಿಗೆ ಹೊಳೆದು ಗಿಳಿಗಳನ್ನು ಓಡಿಸಲಿ ಎಂದು. ಗಿಳಿಗಳು ಅದರ ಪಕ್ಕದಲ್ಲೇ ಕೂತು ಸೀಬೆಹಣ್ಣು ತಿನ್ನುತ್ತವೆ. ಇನ್ನೊಂದು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇದೆ. ಎರಡನ್ನೂ ಮಾಡಿಕೊಟ್ಟವನು ತಿಪಟೂರಿನ ಒಬ್ಬ ವಿಡಿಯೋ ಸ್ಟುಡಿಯೋದವನು. ಅವನ ಅಂಗಡಿಯ ಬೋರ್ಡಿನಲ್ಲಿ ‘ಇಲ್ಲಿ ವಿಡಿಯೋ ಮಿಕ್ಸಿಂಗ್ ಮಾಡಿಕೊಡಲಾಗುವುದು’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಬರೆದದ್ದನ್ನೇ ಅವನು ಮಾಡಿದ. ನನಗೆ ಮಾತ್ರ ಮಿಕ್ಸಿಂಗ್ ಎಂದರೆ ಏನೆಂದು ಆಗ ಗೊತ್ತಿರಲಿಲ್ಲ.

ಜಗಳ ದಾರಿಯದು. ನಮ್ಮೂರು ತುರುವೇಕೆರೆ ತಾಲ್ಲೂಕಿನದು, ದಂಡಿನಶಿವರದ ಕಡೆ. ಮಾವನವರು ಬದುಕಿದ್ದಾಗಲೇ ತೋಟವನ್ನು ಇಬ್ಬರು ಗಂಡುಮಕ್ಕಳಿಗೂ ಪಾಲು ಮಾಡಿದ್ದರು. ರಸ್ತೆ ಕಡೆಯ ಅರ್ಧ ನನ್ನ ಮೈದುನನಿಗೆ, ಹಿಂದಿನ ಅರ್ಧ ನಮಗೆ. ನಾವು ತೋಟಕ್ಕೆ ಹೋಗಬೇಕೆಂದರೆ ಮೈದುನನ ಮನೆಯ ಮುಂದೆ ಹಾದು, ಅವನ ತೆಂಗಿನ ಸಾಲಿನ ಪಕ್ಕದ ಗಾಡಿದಾರಿಯಲ್ಲೇ ಹೋಗಬೇಕು. ಮಾವನವರು ಹೋದ ಮೇಲೂ ಕೆಲವು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೊಂದು ದಿನ ನಾವು ಬಾಡಿಗೆಗೆ ಕರೆಸಿದ್ದ ಟ್ರ್ಯಾಕ್ಟರು ಅವನ ಡ್ರಿಪ್ ಪೈಪಿನ ಮೇಲೆ ಹತ್ತಿ ಪೈಪು ಒಡೆಯಿತು. ಮಾರನೆಯ ದಿನವೇ ಅವನು ದಾರಿಯ ಬಾಯಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದ.

“ಇದೇನಪ್ಪ ಇದು?” ಎಂದು ಕೇಳಿದೆ.

“ಬೇಲಿ, ಅತ್ಗಮ್ಮ. ಯಾವತ್ತೂ ನೋಡಿಲ್ವಾ? ನನ್ನ ಜಮೀನು, ನನ್ನ ಬೇಲಿ. ನಿಮ್ಮ ಕಾಯಿ ಬೇಕಾರೆ ತಲೆ ಮ್ಯಾಲೆ ಹೊತ್ಕಂಡೋಗಿ.”

ಅವನು ಕಾಲ ನೋಡಿಯೇ ತಂತಿ ಬಿಗಿದಿದ್ದ. ನಾವು ಆಗತಾನೇ ಕಾಯಿ ಕೆಡವಿಸಿದ್ದೆವು. ತೋಟದ ನಡುವೆ ಕಾಯಿಯ ರಾಶಿ ಆಳೆತ್ತರ ಬಿದ್ದಿತ್ತು. ನಮ್ಮ ಕಡೆ ಕಾಯಿಯನ್ನು ಮನೆಯ ಅಟ್ಟಕ್ಕೆ ಏರಿಸಿ, ಒಳಗಿನ ನೀರೆಲ್ಲ ಬತ್ತಿ ಕೊಬ್ಬರಿಯಾಗುವವರೆಗೆ ಸುಮಾರು ಒಂದು ವರ್ಷ ಮುಟ್ಟದೆ ಬಿಡುತ್ತಾರೆ. ಅಟ್ಟ ಸೇರುವ ಮೊದಲೇ ಮಳೆಗೆ ಸಿಕ್ಕ ಕಾಯಿ ನೆಲದಲ್ಲೇ ಮೊಳಕೆ ಒಡೆಯುತ್ತದೆ. ಮೊಳಕೆ ಒಡೆದ ಕಾಯಿ ಆಮೇಲೆ ಕೊಬ್ಬರಿಯಾಗುವುದಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ಆ ರಾಶಿಯನ್ನು ಆಳುಗಳ ತಲೆಯ ಮೇಲೆ ಹಳ್ಳ ದಾಟಿಸಿ ಸುತ್ತಿ ತರುವುದು ಆಗದ ಮಾತು. ದಾರಿ ಬಿಡಿಸಬೇಕು, ಇಲ್ಲವೇ ವರ್ಷದ ಬೆಳೆಯನ್ನು ಮೊಳಕೆಗೆ ಕೊಡಬೇಕು.

ನಮ್ಮನೆಯವರು ತಮ್ಮನ ಎದುರು ಬಾಯಿ ಬಿಡುವ ಪೈಕಿ ಅಲ್ಲ. “ಬುಡು, ಅವ್ನ ಕ್ವಾಪ ಇಳೀಲಿ” ಎಂದರು. ಅವನ ಕೋಪ ಇಳಿಯುವಷ್ಟರಲ್ಲಿ ನನ್ನ ಕಾಯಿಗಳಲ್ಲಿ ಸಸಿ ಎದ್ದು ನಿಂತಿರುತ್ತಿದ್ದವು. ನಾನೇ ಊರಿನ ಹಿರಿಯರೊಬ್ಬರ ಮನೆಗೆ ಹೋದೆ. ಅವರ ಮಾತನ್ನು ಅಣ್ಣ ತಮ್ಮ ಇಬ್ಬರೂ ಮೀರುವುದಿಲ್ಲ. ಗಂಗಾಪೂಜೆಯ ದಿನ ಮಾವನವರು ಆ ದಾರಿ ಇಬ್ಬರಿಗೂ ಸೇರಿದ್ದು ಎಂದು ಎಲ್ಲರ ಮುಂದೆ ಹೇಳಿದ್ದನ್ನು ನೆನಪಿಸಿದೆ. ನಮ್ಮ ಕೊಳವೆಬಾವಿಯಲ್ಲಿ ನೀರು ಬಿದ್ದಾಗ ಮಾಡಿದ ಪೂಜೆ ಅದು. ನಮ್ಮನೆಯವರು ಅದನ್ನೆಲ್ಲ ಫೋನಿನಲ್ಲಿ ವಿಡಿಯೋ ಹಿಡಿದಿದ್ದರು. ಆ ಫೋನು ಕೆಟ್ಟು ಎಷ್ಟೋ ಕಾಲವಾಗಿತ್ತು, ಒಳಗಿದ್ದ ಮೆಮೊರಿ ಕಾರ್ಡು ಮಾತ್ರ ಉಳಿದಿತ್ತು. ಈಗಿನ ಹೊಸ ಫೋನುಗಳಿಗೆ ಆ ಕಾರ್ಡು ತೂರಿಸಲು ಜಾಗವೇ ಇಲ್ಲ. ಯಾರಾದರೂ ಅದರಲ್ಲಿರುವ ವಿಡಿಯೋ ತೆಗೆದುಕೊಟ್ಟರೆ ಯಾವುದಾದರೂ ಫೋನಿನಲ್ಲಿ ತೋರಿಸುತ್ತೇನೆ ಎಂದೆ.

ಹಿರಿಯರು ತಲೆ ಅಲ್ಲಾಡಿಸಿದರು.

“ಫೋನ್‌ನಲ್ಲಿ ತೋರ್ಸಿದ್ದು ನಾನು ಒಪ್ಪಲ್ಲ ಕಣಮ್ಮ. ಅದ್ರಲ್ಲಿ ಸತ್ತೋರ ಬಾಯಲ್ಲೂ ಮಾತು ಹೊರಡುಸ್ತಾರೆ ಈಗ. ಸಿಡಿ ಹಾಕ್ಸ್ಕಂಡು ಬಾ. ಸಿಡಿ ಅಂದ್ರೆ ಒಂದ್ಸಲ ಬಿದ್ರೆ ಬಿತ್ತು, ಬದ್ಲಾಯ್ಸಕ್ಕೆ ಆಗಲ್ಲ. ನನ್ನ ಮಗಳ ಮದ್ವೆ ಸಿಡಿ ಇವತ್ತಿಗೂ ಹಂಗೇ ಐತೆ. ಒಂದು ಅಕ್ಷತೆ ಕಾಳು ಆಚೀಚೆ ಆಗಿಲ್ಲ.”

ಅವರ ಪಡಸಾಲೆಯಲ್ಲಿ ಟಿವಿಯ ಕೆಳಗೆ ಹಳೇ ಡಿವಿಡಿ ಪ್ಲೇಯರಿದೆ. ಅದಕ್ಕೆ ಹೆಣೆದ ಲೇಸಿನ ಬಟ್ಟೆ ಹೊದಿಸಿದ್ದಾರೆ. ಮಗಳ ಮದುವೆ ಬಿಟ್ಟರೆ ಅದರಲ್ಲಿ ಬೇರೇನೂ ಓಡಿದ್ದನ್ನು ನಾನು ಕಂಡಿಲ್ಲ. ಈ ಕಾಲದಲ್ಲಿ ಸಿಡಿ ಎಲ್ಲಿ ಸಿಗುತ್ತದೆ ಎಂದು ಕೇಳಬೇಕೆನ್ನಿಸಿತು. ನ್ಯಾಯ ಹೇಳುವವರ ಹತ್ತಿರ ಹಟ ಮಾಡಬಾರದೆಂದು ನುಂಗಿಕೊಂಡೆ.

ಮಾರನೆಯ ದಿನ ಕಾರ್ಡನ್ನು ಕರವಸ್ತ್ರದ ಮೂಲೆಗೆ ಗಂಟು ಹಾಕಿಕೊಂಡು ತಿಪಟೂರಿನ ಬಸ್ಸು ಹತ್ತಿದೆ. ಅಂದು ಕೊಬ್ಬರಿ ಹರಾಜಿನ ದಿನ. ಚೀಲ ಹೇರಿದ ಗಾಡಿಗಳು ರಸ್ತೆಯ ತುಂಬ ಅಡ್ಡಡ್ಡ ನಿಂತಿದ್ದವು. ಮೊದಲು ಕೇಳಿದ ಅಂಗಡಿಯವನು ನಕ್ಕು ಪೆನ್‌ಡ್ರೈವ್ ತಗೊಳ್ಳಿ ಎಂದ. ಎರಡನೆಯವನು ಸಿಡಿ ರೈಟ್ ಮಾಡುವ ಡ್ರೈವನ್ನು ಗುಜರಿಗೆ ಹಾಕಿದ್ದನಂತೆ. ಕೊನೆಗೆ ಬೀದಿಯ ತುದಿಯ ಸ್ಟುಡಿಯೋದವನು, “ಹಾಕ್ಕೊಡ್ತೀನಿ ಬನ್ನಿ ಆಂಟಿ” ಎಂದ. ಬೋಳುತಲೆಯ, ನನ್ನ ವಯಸ್ಸಿನ ಗಂಡಸು. ಅವನು ನನ್ನನ್ನು ಆಂಟಿ ಎಂದಾಗಲೇ ನಾನು ಎದ್ದು ಬರಬೇಕಿತ್ತು.

ಕಾರ್ಡಿನಲ್ಲಿ ಪೂಜೆಯ ವಿಡಿಯೋ ತುಂಡುತುಂಡಾಗಿ ಇತ್ತು. ನಮ್ಮನೆಯವರು ವಿಡಿಯೋ ಹಿಡಿಯುವ ಚಂದ ಅದು. ಒಂದು ತುಂಡಿನಲ್ಲಿ ಆಕಾಶ, ಒಂದರಲ್ಲಿ ಅವರದೇ ಹೆಬ್ಬೆರಳು. “ಎಲ್ಲಾ ಸೇರಿಸಿ ಒಂದೇ ಮಾಡಿ ಸಿಡಿಗೆ ಹಾಕಿಕೊಡಪ್ಪ” ಎಂದೆ.

“ಪೂಜೆ ಫಂಕ್ಷನ್ನಾ? ಚೆನ್ನಾಗಿ ಮಿಕ್ಸಿಂಗ್ ಮಾಡಿ ಕೊಡ್ತೀನಿ.”

“ಚೆನ್ನಾಗೇ ಮಾಡು” ಎಂದೆ. ಕೆಟ್ಟದಾಗಿ ಮಾಡು ಎಂದು ಯಾರಾದರೂ ಹೇಳುತ್ತಾರೆಯೇ?

ಅವನು ಕಿವಿಗೆ ಹೆಡ್‌ಫೋನು ಏರಿಸಿಕೊಂಡು ಕೆಲಸಕ್ಕೆ ಕೂತ. ಕೇಳಿಸುವುದೆಲ್ಲ ಅವನೊಬ್ಬನಿಗೆ, ನನಗೆ ಬರೀ ನೋಡುವ ಭಾಗ್ಯ. ಸಣ್ಣ ಪರದೆಯಲ್ಲಿ ಮಾವನವರು ಕೋಲು ಹಿಡಿದು ದಾರಿಯ ಮೇಲೆ ನಿಂತು ಏನೋ ಹೇಳುತ್ತಿದ್ದರು. ಅಷ್ಟು ವರ್ಷವಾದ ಮೇಲೆ ಅವರ ಮುಖ ಕಂಡು ನಾನು ಪರದೆಯ ಹತ್ತಿರಕ್ಕೆ ಬಾಗಿದೆ. ಜೋಡಿಸುವುದು ಮುಗಿದ ಮೇಲೆ ರೆಂಡರ್ ಎಂದು ಶುರುವಾಯಿತು. ಜೋಡಿಸಿದ್ದೆಲ್ಲ ಒಂದೇ ವಿಡಿಯೋ ಆಗಿ ಬೇಯಬೇಕಂತೆ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಬಸವನಹುಳದ ಹಾಗೆ ತೆವಳಿತು. ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಬೇಯಿಸಿದ. ಅದು ಮುಗಿಯಿತು ಎಂದು ನಾನು ಚೀಲ ಹಿಡಿದು ಎದ್ದರೆ, “ಕೂತ್ಕೊಳಿ ಆಂಟಿ, ಇದು ಸಿಡಿಗೆ. ಆನ್‌ಲೈನ್‌ಗೆ ಬೇರೆ ಮಾಡ್ಬೇಕು, ಚಿಕ್ಕ ಸೈಜು” ಎಂದ.

“ನನಗೆ ಆನ್‌ಲೈನ್ ಬೇಡಪ್ಪ. ಸಿಡಿ ಒಂದು ಕೊಡು, ಸಾಕು.”

“ಎಲ್ಲಾರ್ಗೂ ಎರಡೂ ಕೊಡೋದೇ. ನಂಬರ್ ಹೇಳಿ, ಲಿಂಕ್ ಕಳಿಸ್ತೀನಿ.”

ಅವನ ಜೊತೆ ವಾದಕ್ಕೆ ಇಳಿದರೆ ಕೊನೆಯ ಬಸ್ಸು ತಪ್ಪುತ್ತಿತ್ತು. ನಮ್ಮನೆಯವರ ನಂಬರು ಹೇಳಿದೆ. ಅವರ ಫೋನಿನಲ್ಲಿ ದಿನಾ ಬೆಳಿಗ್ಗೆ ಶುಭೋದಯದ ಗುಲಾಬಿಗಳು ಬಂದು ಬೀಳುತ್ತವೆ, ಆ ಲಿಂಕೂ ಅವುಗಳ ಅಡಿಯಲ್ಲಿ ಹೂತುಹೋಯಿತು. ಡ್ರೈವಿನ ಬಾಯಿ ತಾನಾಗಿ ತೆರೆಯುತ್ತಿರಲಿಲ್ಲ. ಅವನು ಸೂಜಿ ಚುಚ್ಚಿ ತೆರೆದು, ಸಿಡಿ ಇಟ್ಟು, ರೈಟ್ ಮಾಡಿ, ಬಿಸಿಬಿಸಿಯಾಗಿಯೇ ಕವರಿಗೆ ಹಾಕಿ ಕೊಟ್ಟ. ಕವರಿನ ಮೇಲೆ ಎರಡು ಹೃದಯ, ಒಂದು ಗುಲಾಬಿ, ‘ಶುಭವಿವಾಹ’. ಅವನ ಹತ್ತಿರ ಬೇರೆ ಕವರು ಇರಲಿಲ್ಲವಂತೆ. ಕಾರ್ಡನ್ನೂ ವಾಪಸು ಕೊಟ್ಟ.

ಸಿಡಿ ಹಾಕಿ ನೋಡಲು ನಮ್ಮ ಮನೆಯಲ್ಲಿ ಏನೂ ಇರಲಿಲ್ಲ. ಅದನ್ನು ಹಾಗೇ ಹಿರಿಯರ ಮನೆಗೆ ತೆಗೆದುಕೊಂಡು ಹೋದೆ.

ಪಡಸಾಲೆಯ ತುಂಬ ಜನ ಕೂತಿದ್ದರು. ಮೈದುನ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಬಾಗಿಲ ಹತ್ತಿರ ಸೆರಗು ಹಿಡಿದು ನಿಂತಿದ್ದಳು. ನಮ್ಮನೆಯವರು ತಮ್ಮನಿಂದಲೂ ನನ್ನಿಂದಲೂ ದೂರದ ಜಾಗ ಹುಡುಕಿ ಕೂತಿದ್ದರು. ಹಿರಿಯರು ಲೇಸಿನ ಬಟ್ಟೆಯನ್ನು ಮಡಿಸಿಟ್ಟು, ಕೈ ತೊಳೆದುಕೊಂಡು ಬಂದು ಸಿಡಿ ಹಾಕಿದರು.

ಮೊದಲು ಓಲಗ ಮೊಳಗಿತು. ಪರದೆಯ ಮೇಲಿನಿಂದ ಗುಲಾಬಿ ಪಕಳೆಗಳು ಉದುರಿದವು. ಆ ಪಕಳೆಗಳ ನಡುವಿನಿಂದ ನಮ್ಮ ಕೊಳವೆಬಾವಿಯ ಕೇಸಿಂಗ್ ಪೈಪು ತಿರುಗುತ್ತ ತಿರುಗುತ್ತ ದೊಡ್ಡದಾಗಿ ಬಂತು. ಆಮೇಲೆ ಒಂದು ಸಿನಿಮಾ ಹಾಡು. ಹುಡುಗ ಹುಡುಗಿಯ ಕಣ್ಣು ಹೊಗಳುವ ಹಾಡು, ಎಲ್ಲ ಮದುವೆ ಮನೆಯಲ್ಲೂ ಹಾಕುವಂಥದ್ದು. ಆ ಹಾಡಿಗೆ ಸರಿಯಾಗಿ ಮಾವನವರು ಹೃದಯದ ಆಕಾರದ ಚೌಕಟ್ಟಿನೊಳಗೆ ಬಂದು ನಿಂತರು. ಹಣೆಯ ತುಂಬ ವಿಭೂತಿ, ತಲೆಗೆ ಟವಲು, ಕೈಯಲ್ಲಿ ಕೋಲು. ಕೋಲನ್ನು ದಾರಿಯ ಕಡೆ ತೋರಿಸಿ ಬಾಯಿ ಆಡಿಸಿದರು. ಹೇಳಿದ್ದು ಒಂದಕ್ಷರವೂ ಕೇಳಲಿಲ್ಲ, ಅವರ ಬಾಯಿಯಿಂದ ಆ ಹುಡುಗಿಯ ಕಣ್ಣಿನ ವರ್ಣನೆಯೇ ಬಂದಂತಿತ್ತು. ಅಲ್ಲಿ ನಿಂತಿದ್ದವರೆಲ್ಲ ಏನಕ್ಕೋ ನಕ್ಕರು. ಅವರ ನಗುವೂ ಕೇಳಲಿಲ್ಲ. ಪರದೆ ನಾಲ್ಕು ಭಾಗವಾಗಿ ನಾಲ್ಕರಲ್ಲೂ ಮಾವನವರು ಕಾಣಿಸಿಕೊಂಡು, ಒಂದು ಚಿಟ್ಟೆ ಬಂದು ಎಲ್ಲರನ್ನೂ ಒರೆಸಿಕೊಂಡು ಹೋಯಿತು.

ಪಡಸಾಲೆಯೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು.

“ಏನತ್ಗಮ್ಮ, ನಮ್ಮಪ್ಪುಂಗೆ ಇನ್ನೊಂದು ಮದ್ವೆ ಮಾಡ್ಸುಬುಟ್ರಾ? ನಮ್ಗೆ ಕರೀಲೇ ಇಲ್ಲ!” ಎಂದ ಮೈದುನ.

ನನಗೆ ಅವಮಾನವಾಯಿತು. ಅವಮಾನಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸತ್ತ ಮಾವನನ್ನು ಹೃದಯದೊಳಗೆ ಕೂರಿಸಿ ಊರಿಗೆ ತೋರಿಸಿದವಳು ನಾನು ಎಂದಾಯಿತಲ್ಲ. ಹಿರಿಯರು ಮಾತ್ರ ನಗಲಿಲ್ಲ. ಸಿಡಿಯನ್ನು ತೆಗೆದು, ಎರಡೂ ಕಡೆ ತಿರುಗಿಸಿ ನೋಡಿ, ನನ್ನ ಕೈಗಿಟ್ಟರು.

“ಇದ್ರಲ್ಲಿ ಮಾತೇ ಇಲ್ವಲ್ಲಮ್ಮ. ನಿಮ್ಮ ಮಾವ ಏನಂದ ಅಂತ ನಾನು ಹೆಂಗೆ ಹೇಳ್ಲಿ?”

“ಅವತ್ತು ನೀವೂ ಅಲ್ಲೇ ಇದ್ರಲ್ಲ!”

“ಇದ್ದೆ. ಊಟದ ಪಂಕ್ತೀಲಿದ್ದೆ.”

ಆ ವಾರ ಒಂದು ಮಳೆ ಬಿತ್ತು. ಸಣ್ಣ ಮಳೆಯೇ. ಆದರೂ ನಾನು ಹಳ್ಳ ಸುತ್ತಿ ತೋಟಕ್ಕೆ ಹೋಗಿ ರಾಶಿಯ ಮೇಲೆ ಸೋಗೆ ಹೊದಿಸಿ ಬಂದೆ. ವಾಪಸು ಬರುವಾಗ ಕಾಲೆಲ್ಲ ಕೆಸರು. ತಂತಿಯ ಆಚೆ ಮೈದುನ ಜಗಲಿಯ ಮೇಲೆ ಕೂತು ಆ ಮದುವೆ ಹಾಡನ್ನು ಗುನುಗುತ್ತಿದ್ದ. ನನಗೆ ಕೇಳಿಸಲಿ ಎಂದೇ ಗುನುಗುತ್ತಿದ್ದ.

ತಿಪಟೂರಿಗೆ ಮತ್ತೆ ಹೋದೆ. ಸ್ಟುಡಿಯೋದೊಳಗೆ ಯಾರೋ ಗಿರಾಕಿಗಳಿದ್ದರು. ನಾನು ಅವರನ್ನು ಲೆಕ್ಕಕ್ಕಿಡಲಿಲ್ಲ.

“ಏನಯ್ಯಾ, ನಾನು ಕೇಳಿದ್ದೇನು, ನೀನು ಕೊಟ್ಟಿದ್ದೇನು? ನಮ್ಮ ಮಾವನ ಮಾತಿನ ಮೇಲೆ ಹಾಡು ಹಾಕೋಕೆ ನಿನಗೆ ಯಾರು ಹೇಳಿದ್ದು?”

ಅವನು ನಿಜವಾಗಿ ಬೆರಗಾದ. “ಹಾಡಿಲ್ದೆ ಹೆಂಗ್ ಆಂಟಿ ಕೊಡೋದು? ಫಂಕ್ಷನ್‌ನಲ್ಲಿ ಬರೀ ಗಲಾಟೆ ಇರ್ತದೆ. ಪಾತ್ರೆ ಸದ್ದು, ಮಕ್ಳು ಅಳೋದು. ಎಲ್ಲಾ ಮ್ಯೂಟ್ ಮಾಡಿ ಹಾಡು ಹಾಕೋದೇ ಮಿಕ್ಸಿಂಗು. ಇಷ್ಟು ವರ್ಷದಲ್ಲಿ ಯಾರೂ ಮಾತು ಬೇಕು ಅಂತ ಬಂದಿಲ್ಲ.”

“ನನಗೆ ಮಾತೇ ಬೇಕಾಗಿದ್ದು. ಅದೊಂದು ಮಾತಿಗೆ ನನ್ನ ವರ್ಷದ ಕಾಯಿ ತೋಟದಲ್ಲಿ ಬಿದ್ದೈತೆ. ಈ ಕಾರ್ಡಿಂದ ಇನ್ನೊಂದ್ಸಲ ತೆಗೆದು ಕೊಡು.”

ಅವನ ಮುಖ ಸಣ್ಣದಾಯಿತು. ಕಾರ್ಡಿನಲ್ಲಿ ಏನೂ ಇರಲಿಲ್ಲ. ಮದುವೆಯವರ ಕಾರ್ಡು ಬಂದರೆ ಕಾಪಿ ಮಾಡಿಕೊಂಡು ಖಾಲಿ ಮಾಡಿ ಕೊಡುವುದು ಅವನ ಪದ್ಧತಿಯಂತೆ, ಮುಂದಿನ ಸಲಕ್ಕೆ ಅನುಕೂಲವಾಗಲಿ ಎಂದು. ಕಂಪ್ಯೂಟರಿನಲ್ಲಿ ಕಾಪಿ ಇಟ್ಟುಕೊಂಡಿದ್ದನ್ನೂ ಕೆಲಸ ಮುಗಿದ ಮೇಲೆ ಅಳಿಸಿಬಿಟ್ಟಿದ್ದ, ಜಾಗ ಸಾಲದು ಎಂದು. ಅನುಕೂಲ! ಮಾವನವರು ಭೂಮಿಯ ಮೇಲೆ ಮಾತಾಡಿದ್ದು ಉಳಿದಿದ್ದೇ ಅದೊಂದು. ಅದನ್ನು ಅವನು ಅನುಕೂಲಕ್ಕೆ ಅಳಿಸಿದ್ದ. ನಾನು ಏನೇನು ಬೈದೆನೋ ನೆನಪಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಎದ್ದು ಹೋದದ್ದು ನೆನಪಿದೆ. ಬೈದು ಬೈದು ಉಸಿರು ಕಟ್ಟಿದಾಗ ಅವನು ಮೆಲ್ಲಗೆ, “ಲಿಂಕ್ ನೋಡಿದ್ರಾ ಆಂಟಿ?” ಎಂದ.

“ಲಿಂಕಿಗೆ ಬೆಂಕಿ ಹಾಕ. ಅದರಲ್ಲಿ ಇನ್ಯಾವ ಹಾಡು ಹಾಕಿದ್ದೀಯ?”

“ಅದ್ರಲ್ಲಿ ಹಾಡು ಹಾಕಂಗಿಲ್ಲ ಆಂಟಿ. ಆನ್‌ಲೈನ್‌ನಲ್ಲಿ ಸಿನ್ಮಾ ಹಾಡು ಹಾಕಿದ್ರೆ ಕಾಪಿರೈಟ್ ಅಂತ ವಿಡಿಯೋನೇ ಎತ್ತಾಕ್ತಾರೆ. ಅದ್ಕೇ ಆನ್‌ಲೈನ್‌ದು ಬೇರೆ ಮಾಡೋದು. ಹಾಡೆಲ್ಲ ತೆಗ್ದು ಲೈವ್ ಸೌಂಡೇ ಬಿಟ್ಟಿರ್ತೀನಿ.”

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅವನು ಹುಡುಕಿ ಹಚ್ಚಿದ. ಈ ಸಲ ಹೆಡ್‌ಫೋನನ್ನು ಕಿತ್ತಿಟ್ಟು ಸ್ಪೀಕರಿಗೆ ಕೊಟ್ಟ.

ಚಿತ್ರ ಕೆಟ್ಟದಾಗಿತ್ತು. ಆನ್‌ಲೈನ್‌ಗೆಂದು ಹಿಂಡಿ ಚಿಕ್ಕದು ಮಾಡಿದ್ದರಿಂದ ಮಾವನವರ ಮುಖ ಚೌಕಚೌಕವಾಗಿ ಒಡೆದಿತ್ತು. ಹೃದಯ, ಪಕಳೆ, ಚಿಟ್ಟೆ ಎಲ್ಲ ಹಾಗೇ ಇದ್ದವು. ಆದರೆ ಪಾತ್ರೆಗಳ ಸದ್ದು, ಯಾವುದೋ ಮಗುವಿನ ಅಳು, ಕಾಫಿ ತರಲು ಹೇಳುವ ನನ್ನದೇ ಗಂಟಲು, ಇವೆಲ್ಲದರ ನಡುವಿನಿಂದ ಮಾವನವರ ದನಿ ಎದ್ದು ಬಂತು.

“ನೋಡ್ರಲಾ, ಈ ದಾರಿ ಇಬ್ರುದೂ ಕಣ್ರಲಾ. ಗಾಡಿ ಓಡಾಡೋಷ್ಟು ಜಾಗ ಬುಟ್ಟೇ ನಾನು ಸಸಿ ನೆಟ್ಟಿರಾದು.”

ಇಷ್ಟು ನನಗೆ ನೆನಪಿತ್ತು. ಇಷ್ಟೇ ಎಂದು ನಾನು ತಿಳಿದಿದ್ದೆ. ಮಾವನವರು ಉಸಿರು ಎಳೆದುಕೊಂಡು ಮುಂದುವರಿಸಿದರು.

“ನಾಳೆ ನಾನು ಹೋದೇಟ್ಗೆ ಇವ್ನು ಬೇಲಿ ಹಾಕ್ತಾನೆ. ಇವ್ನು ಮೊಂಡ. ಅವ್ಳು ಬುಟ್ಟಾಳಾ? ಊರೆಲ್ಲ ಸೇರ್ಸಿ ಕಿತ್ತಾಕುಸ್ತಾಳೆ. ಅವ್ಳು ಬಾಯ್ಬಡ್ಕಿ. ನಾನಿರೋಗಂಟ ಸುಮ್ಕಿರ್ರಪ್ಪ, ಆಮ್ಯಾಕೆ ಹೊಡ್ದಾಡ್ಕಳಿ.”

ಆಮೇಲೆ ನಕ್ಕರು. ಬೀಡಿ ಸೇದಿ ಸೇದಿ ಕೆಮ್ಮು ಬೆರೆತ ನಗು, ಕೊನೆಯಲ್ಲಿ ಸೀಟಿಯ ಹಾಗೆ ಎಳೆಯುವುದು. ಸಿಡಿಯಲ್ಲಿ ಎಲ್ಲರೂ ಏನಕ್ಕೆ ನಕ್ಕರು ಎಂದು ಆಗ ತಿಳಿಯಿತು. ನನ್ನನ್ನೂ ಮೈದುನನನ್ನೂ ನೋಡಿ ನಕ್ಕಿದ್ದರು.

ಸ್ಟುಡಿಯೋದವನು ನನ್ನ ಮುಖ ನೋಡಿದ. “ಆ ಕೊನೇದು ಕಟ್ ಮಾಡ್ಬುಡ್ಲಾ ಆಂಟಿ? ‘ಇಬ್ರುದೂ’ ಅಂತ ಹೇಳೋವರ್ಗೂ ಇಟ್ಕೊಂಡ್ರೆ ಸಾಕು ನಿಮ್ಗೆ. ಯಾರಿಗೂ ಗೊತ್ತಾಗಲ್ಲ.”

ಆಸೆಯಾಯಿತು. ಮೈದುನನ ಮುಂದೆ, ಇಡೀ ಊರಿನ ಮುಂದೆ ಬಾಯಿಬಡುಕಿ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು? ಆ ಮನೆಗೆ ಬಂದ ದಿನದಿಂದ ಮಾವನವರಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಹಾಕಿದವಳು ನಾನು. ಅವರ ಕೊನೆಗಾಲದಲ್ಲಿ ಮೈ ಒರೆಸಿದವಳು ನಾನು. ಎಲ್ಲದಕ್ಕೂ ಸೇರಿ ಸಿಕ್ಕ ಬಿರುದು ಇದು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆದರೆ ಅಲ್ಲಿಗೆ ಕತ್ತರಿಸಿದರೆ ನಗುವೂ ಹೋಗುತ್ತಿತ್ತು. ಸತ್ಯವಂತೆ ಎನ್ನಿಸಿಕೊಳ್ಳಲು ನಾನು ಬೇಡ ಎಂದದ್ದಲ್ಲ, ಆ ನಗು ಬಿಡಲು ಮನಸ್ಸು ಬರಲಿಲ್ಲ.

“ಮುಟ್ಟಬೇಡ. ಬೈದಿದ್ದು ಬೈದಂಗೇ ಇರಲಿ. ಇದನ್ನೇ ಸಿಡಿಗೆ ಹಾಕು” ಎಂದೆ. ಅವನು ಮತ್ತೆ ಸೂಜಿ ಚುಚ್ಚಿದ. ಕವರು ಬೇಡವೆಂದು ಸಿಡಿಯನ್ನು ಕರವಸ್ತ್ರದಲ್ಲೇ ಸುತ್ತಿಕೊಂಡೆ. ಹೊರಡುವಾಗ ಇನ್ನೊಮ್ಮೆ ಬೈದೆ, ಆಂಟಿ ಎಂದದ್ದಕ್ಕೆ.

ಎರಡನೆಯ ಸಲ ಹಿರಿಯರ ಪಡಸಾಲೆಯಲ್ಲಿ ಮೊದಲಿಗಿಂತ ಹೆಚ್ಚು ಜನ. ಮದುವೆ ನೋಡಲೆಂದೇ ಬಂದವರು. ಟಿವಿ ದೊಡ್ಡದಾದ್ದರಿಂದ ಚಿತ್ರ ಇನ್ನೂ ಒಡೆದು, ಮಾವನವರ ಮುಖ ಕಲಸಿಟ್ಟ ಹಿಟ್ಟಿನಂತಿತ್ತು. ಗುಲಾಬಿ ಉದುರಿದಾಗ ಮೈದುನ ಜೋರಾಗಿ ನಗಲು ಬಾಯಿ ತೆರೆದ. ಅಷ್ಟರಲ್ಲಿ “ನೋಡ್ರಲಾ” ಎಂದು ಅವರಪ್ಪನ ದನಿ ಬಂತು. ತೆರೆದ ಬಾಯಿ ಹಾಗೇ ನಿಂತಿತು. ಚಾಚಿದ್ದ ಕಾಲನ್ನು ಅವನು ತನಗೆ ಗೊತ್ತಿಲ್ಲದೆಯೇ ಮಡಿಸಿಕೊಂಡ. ಮಾವನವರು ಇದ್ದಾಗ ಅವರ ಮುಂದೆ ಅವನು ಕಾಲು ಚಾಚುತ್ತಿರಲಿಲ್ಲ.

‘ಇವ್ನು ಬೇಲಿ ಹಾಕ್ತಾನೆ’ ಎಂದಾಗ ಎಲ್ಲರೂ ಅವನನ್ನು ನೋಡಿದರು. ‘ಅವ್ಳು ಬಾಯ್ಬಡ್ಕಿ’ ಎಂದಾಗ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಮಾವನವರ ನಗು ಸೀಟಿ ಎಳೆದು ಮುಗಿಯಿತು. ನಮ್ಮನೆಯವರು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

“ನಿಮ್ಮಪ್ಪ ನನ್ಗೆ ಏನೂ ಕೆಲ್ಸ ಉಳ್ಸಿಲ್ಲ ಕಣಪ್ಪ” ಎಂದರು ಹಿರಿಯರು. “ತಂತಿ ಬಿಚ್ಚು. ನೀನಮ್ಮ, ಅವ್ನ ಪೈಪು ಸರಿ ಮಾಡ್ಸ್ಕೊಡು. ಇನ್ನ ಹೊಡ್ದಾಡ್ಕಳಿ, ನಿಮ್ಮಪ್ಪನೇ ಅಪ್ಪಣೆ ಕೊಟ್ಟವ್ನೆ.”

ಮೈದುನ ಎದ್ದು ಹೊರಟ. ಬಾಗಿಲ ಹತ್ತಿರ ಅಣ್ಣನ ಮುಂದೆ ನಿಂತು, ಫೋನು ಚಾಚಿ, “ಅದ್ನ ನನ್ಗೂ ಕಳ್ಸು” ಎಂದಷ್ಟೇ ಹೇಳಿದ್ದು ನನಗೆ ಕೇಳಿಸಿತು.

ತಂತಿ ಬಿಚ್ಚಿದ. ಕಲ್ಲುಕಂಬ ಕೀಳಲಿಲ್ಲ, ಅವು ಈಗಲೂ ಅಲ್ಲೇ ನಿಂತಿವೆ. ಪೈಪು ನಾನು ಸರಿ ಮಾಡಿಸಿಕೊಟ್ಟೆ, ಅವನು ಅದರಲ್ಲಿ ಮೂರು ತಪ್ಪು ಹುಡುಕಿದ. ಮಳೆ ಹಿಡಿಯುವ ಮೊದಲು ಕಾಯಿಯೆಲ್ಲ ಅಟ್ಟ ಸೇರಿತು. ಮೊದಲ ಲೋಡು ಹೊರಬರುವ ದಿನ ನಾನೇ ಟ್ರ್ಯಾಕ್ಟರಿನ ಮುಂದೆ ನಡೆದುಕೊಂಡು ಬಂದೆ, ಗೆದ್ದವಳ ಹಾಗೆ, ತಲೆ ಎತ್ತಿ. ಮೈದುನನ ಜಗಲಿಯ ಮುಂದೆ ಬಂದಾಗ ಫೋ‌ನಿಗೆ ಜೋಡಿಸಿದ ಸ್ಪೀಕರಿನಿಂದ ಊರಿಗೆಲ್ಲ ಕೇಳುವ ಹಾಗೆ ಮಾವನವರ ದನಿ ಬಂತು.

“ಅವ್ಳು ಬಾಯ್ಬಡ್ಕಿ.” ಅದರ ಹಿಂದೆಯೇ ನಗು.

ತನ್ನನ್ನು ಮೊಂಡ ಎಂದದ್ದನ್ನು ಕತ್ತರಿಸಿ, ನನ್ನನ್ನು ಅಂದದ್ದನ್ನಷ್ಟೇ ಯಾರ ಕೈಯಲ್ಲೋ ತೆಗೆಸಿ ಇಟ್ಟುಕೊಂಡಿದ್ದ. ಅವನೂ ಮಿಕ್ಸಿಂಗ್ ಕಲಿತುಬಿಟ್ಟಿದ್ದ! ನಾನು ಟ್ರ್ಯಾಕ್ಟರು ನಿಲ್ಲಿಸಿ, ಅವನು ಕತ್ತರಿಸಿ ಬಿಸಾಕಿದ್ದನ್ನು ನನ್ನ ಗಂಟಲಿನಲ್ಲೇ ಕೂಗಿದೆ: “ಇವ್ನು ಮೊಂಡ! ಇವ್ನು ಬೇಲಿ ಹಾಕ್ತಾನೆ!”

ಅವತ್ತಿನಿಂದ ಇದು ನಿಂತಿಲ್ಲ. ನಮಗಿಬ್ಬರಿಗೂ ಮಾತಿಲ್ಲ. ಹಬ್ಬಕ್ಕೆ ಕರೆಯುವುದಿಲ್ಲ, ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತೇವೆ. ಆದರೆ ನಾನು ತೋಟಕ್ಕೆ ಹೋಗುವಾಗಲೂ ಬರುವಾಗಲೂ ಅವನು ತಪ್ಪದೆ ಅದನ್ನು ಹಚ್ಚುತ್ತಾನೆ. ಅವನ ಫೋನು ನನ್ನ ಅರ್ಧ ಹೇಳುತ್ತದೆ, ನಾನು ಅವನ ಅರ್ಧ ಕೂಗುತ್ತೇನೆ. ಆಮೇಲೆ ನಗು ಬರುತ್ತದೆ. ನಗು ಬರುವಾಗ ನಾನು ಕೂಗುವುದಿಲ್ಲ. ಅವನೂ ಅದನ್ನು ನಡುವೆ ನಿಲ್ಲಿಸಿದ್ದಿಲ್ಲ, ಸೀಟಿ ಎಳೆದು ಮುಗಿಯುವವರೆಗೆ ಬಿಡುತ್ತಾನೆ. ಮಾವನವರನ್ನು ಮಣ್ಣು ಮಾಡಿದ್ದು ಅಲ್ಲೇ, ಎರಡು ತೋಟ ಕೂಡುವ ಕಡೆ. ನನ್ನ ಫೋನಿನಲ್ಲೂ ಆ ವಿಡಿಯೋ ಇದೆ. ನಾನೇ ಹಚ್ಚಿಕೊಂಡು ನೋಡಿದ್ದೇನೆ. ಮನೆಯೊಳಗೆ ಕೂತು ಕೇಳಿದರೆ ಅದು ಯಾಕೋ ಹಾಗೆ ಕೇಳಿಸುವುದಿಲ್ಲ.

ಮೊನ್ನೆ ಗೊಬ್ಬರದ ಗಾಡಿಯ ಜೊತೆ ತೋಟಕ್ಕೆ ಹೊರಟಿದ್ದೆ. ಕಲ್ಲುಕಂಬ ದಾಟಿದರೂ ಸದ್ದಿಲ್ಲ. ಗಾಡಿ ನಿಲ್ಲಿಸಿದೆ. ಖಾಲಿ ಜಗಲಿಯ ಕಡೆ ತಿರುಗಿ, “ಇವ್ನು ಮೊಂಡ!” ಎಂದು ಕೂಗಿ ಕಾದೆ. ಒಳಗಿನಿಂದ ವಾರಗಿತ್ತಿ ಕೈ ಒರೆಸಿಕೊಳ್ಳುತ್ತ ಬಂದಳು.

“ಅಕ್ಕಾ, ಅವ್ರಿಲ್ಲ. ಕೊಬ್ಬರಿ ಹಾಕ್ಕಂಡು ತಿಪಟೂರಿಗೆ ಹೋಗವ್ರೆ.”

“ಫೋನು?”

“ಫೋನೂ ತಗೊಂಡೋಗವ್ರೆ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಂತಿ ಬಿಗಿದ ದಿನವೂ ನನಗೆ ಅವನ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ.

“ಬಿಟ್ಟು ಹೋಗಕ್ಕೆ ಏನು ರೋಗ ಅವನಿಗೆ?” ಎಂದೆ.